ಬಳಚಿನ ಮರಿಯ ಎದೆಬಡಿತ

ಮಾಸ್ತರರೇ,

ಮೊದಲು ತಪ್ಪೊಪ್ಪಿಗೆ. ಕರ್ನಾಟಕದ ಜಲಸಂಪತ್ತನ್ನು ನಾನು ಗೋವಾಕ್ಕೆ ಕಳ್ಳಸಾಗಣೆ ಮಾಡಿದ್ದೇನೆ. ಕೋಡಿಬಾಗದಲ್ಲಿ ಕಡಲು ಸೇರುವ ಕಾಳಿ ನದಿಯ ನೀರನ್ನು, ಎರಡು ಚಿಪ್ಪಿನ ಬಳಚಿನ ಕಣ್ಣಿಗೆ ಕಾಣದ ಮರಿಗಳ ಸಮೇತ, ಬುತ್ತಿ ಕ್ಯಾರಿಯರಿನ ಕೆಳಗಿನ ಬಟ್ಟಲಿಗೆ ತುಂಬಿ, ಮೇಲಿನ ಬಟ್ಟಲಿನ ಬಂಗಡೆ ಮೀನಿನ ಸಾರನ್ನು ಕಾವಲಿಗಿಟ್ಟು ಬಸ್ಸು ಹತ್ತಿದೆ. ಮಾಜಾಳಿ ಗಡಿಯ ಪೊಲೀಸರು ಆ ಕಡೆಯಿಂದ ಬರುವ ಬಾಟಲಿ ಹುಡುಕುತ್ತಾರೆ. ಈ ಕಡೆಯಿಂದ ಹೋಗುವ ಉಪ್ಪುನೀರನ್ನು ಯಾರು ಕೇಳುತ್ತಾರೆ?

ಅಂಕೋಲೆಯ ಹೈಸ್ಕೂಲಿನ ಆ ಒಂಟಿಕಣ್ಣಿನ ಸೂಕ್ಷ್ಮದರ್ಶಕ ನೆನಪಿದೆಯೇ? ಊಟ ಮುಗಿಸಿ ಬಂದವರ ಕೈ ಮೂಸಿ, ಮೀನಿನ ವಾಸನೆ ಬಂದರೆ ಮತ್ತೆ ಬಾವಿಕಟ್ಟೆಗೆ ಅಟ್ಟುತ್ತಿದ್ದಿರಿ. ಬಳಚಿನ ಮರಿ ಮರಳಿಗಿಳಿದು ಕೂರುವ ಮೊದಲೇ, ಈಜುವಾಗಲೇ, ಅದರ ಹೃದಯ ಬಡಿಯುತ್ತದೆಂದು ನಿಮ್ಮ ವಾದ. ನಮಗೆ ಕಂಡದ್ದು ಬರೀ ಮಂಜು. ಉಳಿದ ಮಾಸ್ತರರು ನಕ್ಕರು. ಮರಿಯನ್ನು ಕೊಂದು ಬಣ್ಣ ಹಾಕಿ ನೋಡೋಣವೆಂದು ನಾನು ಜಾಣತನ ತೋರಿಸಿದಾಗ ನೀವು, “ಕೊಂದ್ಹಾಕಿ ಎದೆಬಡ್ತ ಕೇಳೂಕೆ ಹೊಂಟ್ಯನಾ, ತಮಾ?” ಎಂದಿರಿ. ಆಮೇಲೆ ಒಂದು ದಿನ ನಿಮ್ಮ ಎದೆಬಡಿತವೇ…

ಇರಲಿ. ನಾನೀಗ ಕೂತಿರುವ ಗೋವಾದ ಪ್ರಯೋಗಾಲಯದಲ್ಲಿ ಕಾನ್ಫೋಕಲ್ ಎಂಬ ಸೂಕ್ಷ್ಮದರ್ಶಕಗಳಿವೆ. ನಮ್ಮ ಮಂಜಿಗೆ ಕಾರಣ ಮೇಲಿನ, ಕೆಳಗಿನ ಪದರಗಳಿಂದ ನುಗ್ಗುವ ಬೆಳಕು. ಕಾನ್ಫೋಕಲ್ ಅದನ್ನೆಲ್ಲ ತಡೆದು, ಬೇಕಾದ ಪದರದ ಬೆಳಕನ್ನಷ್ಟೇ ಸೂಜಿಮೊನೆಯಷ್ಟು ತೂತಿನಿಂದ ಒಳಗೆ ಬಿಡುತ್ತದೆ. ರಂಧ್ರಾನ್ವೇಷಣೆಯನ್ನೇ ಕಸುಬು ಮಾಡಿಕೊಂಡು ಮರ್ಯಾದೆ ಗಳಿಸಿದ್ದು ಇದೊಂದೇ ಇರಬೇಕು.

ಮೊದಲು ಒಂದೇ ಲೇಸರ್ ಚುಕ್ಕಿಯನ್ನು ಓಡಾಡಿಸುವ ಕಾನ್ಫೋಕಲಿನ ಮುಂದೆ ಕೂತೆ. ಬೈತಖೋಲದಲ್ಲಿ ದೋಣಿ ಕಟ್ಟುವ ದಕ್ಕೆಯ ಮೇಲೆ ರಾತ್ರಿ ಕಳೆದ ಉಂಗುರವನ್ನು ಒಂದೇ ಟಾರ್ಚು ಹಿಡಿದು ಅಂಗುಲ ಅಂಗುಲ ಹುಡುಕಿದ ಹಾಗೆ ಅದರ ಕೆಲಸ. ಸತ್ತ ಮರಿಯನ್ನು ಪದರ ಪದರವಾಗಿ ತೆಗೆದು, ಜೋಡಿಸಿ, ಮೂರು ಆಯಾಮದಲ್ಲಿ ತಿರುಗಿಸಿ ತೋರಿಸಲು ಅದಕ್ಕೆ ಸಾಟಿಯಿಲ್ಲ. ಆದರೆ ಚುಕ್ಕಿ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಹೃದಯ ಬಡಿದು ಮುಗಿದಿರುತ್ತದೆ. ಬೆಳಕಿನ ಕಣಗಳನ್ನು ಜೋಡಿಯಾಗಿ ಬಳಸುವ ಎರಡು ಫೋಟಾನಿನದೊಂದಿದೆ, ದಪ್ಪ ಮಾಂಸದ ಆಳಕ್ಕಿಳಿಯುವಂಥದ್ದು. ಅದಕ್ಕೆ ತೂತೇ ಬೇಡ; ಕಾನ್ಫೋಕಲ್ ಮನೆಯಲ್ಲಿದ್ದರೂ ಮನೆತನ ಬೇರೆ, ಮನೆಯಳಿಯನಂತೆ. ನಮ್ಮ ಸಾಸಿವೆಗಿಂತ ಸಣ್ಣ ಮರಿಗೆ ಅಷ್ಟು ಆಳವೆಲ್ಲಿದೆ?

ಕೊನೆಗೆ ತಿರುಗುವ ತಟ್ಟೆಯದು. ತಟ್ಟೆಯ ತುಂಬ ಜರಡಿಯಂತೆ ತೂತುಗಳು, ಒಂದೇ ಸಲಕ್ಕೆ ನೂರಾರು ಟಾರ್ಚು. ಒಂದು ತೂತಿನ ಬೆಳಕು ಪಕ್ಕದ್ದಕ್ಕೆ ಸೋರಿ ಚಿತ್ರ ಕೊಂಚ ಮಸುಕಾಗುತ್ತದೆ, ಆದರೆ ವೇಗ ಹೆಚ್ಚು, ಬೆಳಕು ಮೃದು, ಮರಿ ಸಾಯುವುದಿಲ್ಲ. ಮರಿಗಳಿಗೆ ಹೊಳೆಯುವ ಬಣ್ಣ ಕುಡಿಸಿ ನೋಡಿದೆ. ಹಸಿರು ಬೆಳಕಿನಲ್ಲಿ, ಇನ್ನೂ ಈಜಲು ಒದ್ದಾಡುತ್ತಿದ್ದ ಒಂದು ಮರಿಯೊಳಗೆ, ಮಿಣುಕ್, ಮಿಣುಕ್… ನೀವು ಹೇಳಿದ್ದು ಸರಿಯಿತ್ತು, ಮಾಸ್ತರರೇ.

ಬಣ್ಣ ಆರಿಸಿದ್ದು ನಾನೇ, ಹದ ಮಾಡಿದ್ದು ನಾನೇ ಎಂದು ವಾರವಿಡೀ ಬೀಗಿದೆ. ಸೀಡಿಗೆ ಬರೆಸಿಕೊಂಡು ಕಂಡವರಿಗೆಲ್ಲ ತೋರಿಸಿದೆ. ಮುಂದಿನ ಸಲ ಶುದ್ಧ ಬಾಟಲಿಯಲ್ಲಿ ತಂದ ಮರಿಗಳಿಗೆ ಅದೇ ಬಣ್ಣ ಕುಡಿಸಿದರೆ ಬರೀ ಕತ್ತಲು. ಹಾಗಾದರೆ ಮೊದಲ ಸಲ ಹೊಳೆದದ್ದೇನು? ಬುತ್ತಿಯ ಬಟ್ಟಲುಗಳನ್ನು ತಿರುಗಿಸಿ ನೋಡಿದೆ; ಮೇಲಿನದರ ತಳದಲ್ಲಿ ಹಳದಿ ಕಲೆ. ಬಸ್ಸಿನ ಕುಲುಕಾಟಕ್ಕೆ ಮೇಲಿನ ಸಾರು ಕೆಳಗಿನ ಬಟ್ಟಲಿಗೆ ತೊಟ್ಟಿಕ್ಕಿತ್ತು. ಲೇಸರ್ ಬಿದ್ದರೆ ಸಾರಿನ ಅರಿಶಿನ ಹಸಿರಾಗಿ ಹೊಳೆಯುತ್ತದೆ.

ಹೃದಯ ಬಡಿದದ್ದು ನಿಜ. ಅದಕ್ಕೆ ದೀಪ ಹಿಡಿದದ್ದು ನನ್ನ ವಿದ್ಯೆಯಲ್ಲ, ಬಂಗಡೆ ಸಾರು. ಕೈಯನ್ನಂತೂ ಎರಡು ಸಲ ತೊಳೆದಿದ್ದೆ. ನೀವು ಮೂಸಿದ್ದರೂ ಪಾಸಾಗುತ್ತಿದ್ದೆ. ಡಬ್ಬಿ ಮೂಸುವುದನ್ನು ನೀವು ಕಲಿಸಿರಲಿಲ್ಲ.