ಅವ್ವ ಬಿಟ್ಟ ಬೆಲ್ಲ

ಸೂಗಪ್ಪ,

ಅವ್ವನ್ನ ಕರ್ಕೊಂಡು ನಾಲವಾರದ ಮಠಕ್ಕ ಹೊಂಟೀನಿ. ಹಂಡೆದಾಗ ನೀರು ಕಾದಾವ, ಮೊದಲು ಮೈ ತೊಳ್ಕೊ. ರೊಟ್ಟಿ, ಪುಂಡಿಪಲ್ಯ ನೆಲುವಿನ್ಯಾಗ ಅವ.

ಸಿಕಂದರಾಬಾದಿನ್ಯಾಗ ನಿಮ್ಮ ಟೀಮು ಸೋತ ಸುದ್ದಿ ನಿನ್ನೆನೇ ಬಂತು. ಬಾಸ್ಕೆಟ್‌ಬಾಲ್ ಆಡ್ತಾನಂತ ರೈಲ್ವೆದವರು ನಿನಗ ನೌಕರಿ ಕೊಟ್ಟಾಗಿಂದ ಇಡೀ ಓಣಿ ನೀ ಗೆದ್ದು ಕಪ್ಪು ತರೋದನ್ನೇ ಕಾಯಾಕತ್ತದ. ಕಾಕಾ ಬೈಲಿಕ್ಕ ಬರ್ತಾನ. ಚಾ ಕೊಟ್ಟು ಕಳಸು, ಎದುರಾಡಬ್ಯಾಡ.

"ನೀ ಗೆಲ್ಲೋತನಕ ಬೆಲ್ಲ ಮುಟ್ಟಂಗಿಲ್ಲಂತ ನಿಮ್ಮವ್ವ ಹರಕಿ ಹೊತ್ತಾಳ" ಅಂತ ಚುಚ್ಚತಾನ. ಹೊತ್ತಿದ್ದು ಖರೆ. ಆದರ ಸೋತ ಸುದ್ದಿ ಕೇಳಿ ಅವ್ವ, "ಅವನ ಕೈಕಾಲು ನೆಟ್ಟಗ ಅವೇನು?" ಅಂದಳು. ಹೂಂ ಅಂದೆ. ಡಬ್ಬಿ ತಗದು ಬೆಲ್ಲ ಬಾಯಾಗ ಹಾಕ್ಕೊಂಡಳು.

ಹರಕಿ ಮುರದದ್ದಕ್ಕ ತಪ್ಪಾತಂತ ಅಡ್ಡಬೀಳಲಿಕ್ಕೇ ಮಠಕ್ಕ ಹೊಂಟಾಳ. ಡಬ್ಬ್ಯಾಗ ನಿನಗೂ ಒಂದು ಹೆಂಟಿ ಬೆಲ್ಲ ಇಟ್ಟಾಳ.

ಅಕ್ಕ ಲಲಿತಾ