ಎಪ್ಪತ್ತನಾಲ್ಕನೇ ನಂಬರಿನ ಅಂಗಿ

ಮೇಸಾ, ಅರಿಝೋನಾ
ಸೋಮವಾರ, ಫೆಬ್ರವರಿ 11, 2019

ನನ್ನ ಮುದ್ದಿನ ಎಫ್ರಾಯಿನ್,

ಹೇಗಿದ್ದೀಯ ಮಗನೇ? ಬಲ ಭುಜದ ನೋವು ಹೇಗಿದೆ? ಅಲಾಸ್ಕಾದಲ್ಲಿ ಈ ವಾರವೂ ಹಿಮ ಸುರಿಯುತ್ತಿದೆ ಎಂದು ಟೀವಿಯಲ್ಲಿ ತೋರಿಸಿದರು. ದಿನವಿಡೀ ಮೀನಿನ ಕಾರ್ಖಾನೆಯಲ್ಲಿ ಮಂಜುಗಡ್ಡೆಯ ಪಕ್ಕ ನಿಲ್ಲುವವನು, ನಾನು ಕಳಿಸಿದ ಉಣ್ಣೆಯ ಬನಿಯನ್ನಾದರೂ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಹೋದ ವರ್ಷದ್ದರ ಹಾಗೆ ಅದನ್ನೂ ಯಾರಿಗೋ ಕೊಟ್ಟು ಕೈ ತೊಳೆದುಕೊಂಡೆಯೋ? ನಾನು ಚೆನ್ನಾಗಿದ್ದೇನೆ. ಎಪ್ಪತ್ತೆರಡು ತುಂಬಿತು. ಮಂಡಿ ಇನ್ನೂ ಹೇಳಿದ ಮಾತು ಕೇಳುತ್ತದೆ, ಕಣ್ಣು ಮಾತ್ರ ಕೇಳುವುದಿಲ್ಲ; ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕು. ಹಿತ್ತಲಿನ ಕಿತ್ತಳೆ ಗಿಡ ಕೊಂಬೆ ಬಾಗುವಷ್ಟು ಬಿಟ್ಟಿದೆ. ಮೂರು ರಾಜರ ಹಬ್ಬದ ಸಿಹಿರೊಟ್ಟಿಯೊಳಗಿನ ಬೊಂಬೆ ಈ ಸಲ ನಿನ್ನ ಮಗ ತಾದೆಯೊನ ತುಂಡಿನಲ್ಲೇ ಸಿಕ್ಕಿತು. ಹಾಗಾಗಿ ಫೆಬ್ರವರಿ ಎರಡಕ್ಕೆ ಎಲ್ಲರಿಗೂ ಮೆಕ್ಕೆಜೋಳದ ಕಡುಬಿನಂಥ ತಮಾಲೆ ಮಾಡಿ ಬಡಿಸುವ ಸರದಿ ಅವನದು. ಐವತ್ತು ಸುತ್ತಿದ, ಅರ್ಧಕ್ಕರ್ಧ ಹಬೆಯಲ್ಲೇ ಬಿಚ್ಚಿಕೊಂಡವು. ಆದರೂ ಬೀದಿಯವರೆಲ್ಲ ಬಂದು ತಿಂದು ಹೋದರು.

ಫೋನ್ ಬಿಟ್ಟು ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನೀನು "ಹ್ಞೂಂ ಅಮ್ಮ, ಸರಿ ಅಮ್ಮ, ಕೆಲ್ಸಕ್ಕೆ ಹೊತ್ತಾಯ್ತು ಅಮ್ಮ" ಎಂದು ಮೂರು ಮಾತಿಗೆ ಮುಗಿಸುತ್ತೀಯ. ತಾದೆಯೊನ ಹೆಸರೆತ್ತಿದರೆ ಆ ಮೂರೂ ಇಲ್ಲ. ಎರಡು ವರ್ಷದ ಹಿಂದೆ ಅವನ ಮೊಣಕೈ ಆಪರೇಷನ್ ಆದಾಗ ನೀನು ಅವನಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಬಿಟ್ಬಿಡು ಮಗಾ. ಈ ಬೇಸ್‌ಬಾಲ್ ನಮ್ಮನೆಯವ್ರ ಕೈ ಹಿಡಿಯಲ್ಲ." ಅವನು ಫೋನ್ ಇಟ್ಟ. ಅಪ್ಪ ಮಗ ಅವತ್ತಿನಿಂದ ಮಾತಾಡಿಲ್ಲ, ನಡುವೆ ನಾನೊಬ್ಬಳು ಎರಡು ಕಡೆಗೂ ಸುಳ್ಳು ಕ್ಷೇಮ ಸಮಾಚಾರ ಹಂಚುತ್ತಿದ್ದೇನೆ. ಅವನಿಗೆ ಈ ವರ್ಷ ಎಂಥ ವರ್ಷ ಎಂದು ನಿನಗೆ ಗೊತ್ತಿಲ್ಲ. ಕೆಳಗಿನ ಲೀಗ್‌ಗಳ ತಂಡಗಳನ್ನೆಲ್ಲ ನೋಡಿಕೊಳ್ಳುವ ಹಾಲ್ವರ್ಸನ್ ಅಕ್ಟೋಬರಿನಲ್ಲೇ ಅವನನ್ನು ಕೂರಿಸಿಕೊಂಡು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದ. "ನಿಂಗೆ ಇಪ್ಪತ್ತಾರಾಯ್ತು ಕಣಯ್ಯಾ. ಈ ವಸಂತದಲ್ಲಿ ದೊಡ್ಡ ತಂಡದ ಶಿಬಿರಕ್ಕೆ ಕರೆ ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ಮಾರ್ಚ್‌ನಲ್ಲಿ ಬಿಟ್ಬಿಡ್ತೀವಿ." ಆರು ವರ್ಷ ಬಸ್ಸಿನಲ್ಲಿ ಊರೂರು ಅಲೆದು, ಬಸ್ಸಿನಲ್ಲೇ ಮಲಗಿ, ತಣ್ಣಗಾದ ಸ್ಯಾಂಡ್‌ವಿಚ್ ತಿಂದು ಚೆಂಡೆಸೆದವನ ಹಣೆಬರಹ ಶಿಬಿರದ ಪಟ್ಟಿಯ ಒಂದು ಹಾಳೆಗೆ ಬಂದು ನಿಂತಿತ್ತು.

ಆ ಹಾಳೆಯಲ್ಲಿ ಜಾಗ ಎಲ್ಲಿತ್ತು? ಪತ್ರಿಕೆಯವರು ಚಳಿಗಾಲವೆಲ್ಲ ಬರೆದದ್ದೇ ಬರೆದದ್ದು, ನಮ್ಮ ಕ್ಲಬ್ಬಿನಲ್ಲಿ ಚೆಂಡೆಸೆಯುವ ಪಿಚರ್‌ಗಳು ಉಕ್ಕಿ ಹರಿಯುತ್ತಿದ್ದಾರಂತೆ, ಕೆಳಗಿನ ತಂಡಗಳಿಂದ ಹದಿನಾಲ್ಕು ಹುಡುಗರು ತಯಾರಾಗಿ ನಿಂತಿದ್ದಾರಂತೆ. ಅವರ ಪಟ್ಟಿಯಲ್ಲಿ ತಾದೆಯೊ ಹದಿನೈದನೆಯವನೂ ಅಲ್ಲ. ನಾನು ಓದಿ ನಕ್ಕೆ. ಅವರು ಎಣಿಸಿದ್ದು ಹೆಸರುಗಳನ್ನು, ನಾನು ಎಣಿಸಿದ್ದು ಕಂಕುಳುಗಳನ್ನು. ನಲವತ್ತು ವರ್ಷದಿಂದ ಈ ಕ್ಲಬ್ಬಿನ ಅಂಗಿ ಹೊಲಿಯುವವಳಿಗೆ ಗೊತ್ತಿರುವಷ್ಟು ಅವರಿಗೆ ಗೊತ್ತಾದೀತೇ? ಭುಜ ನೋಯುವ ಪಿಚರ್ ಮೊದಲು ಬರುವುದು ಡಾಕ್ಟರ ಹತ್ತಿರ ಅಲ್ಲ, ನನ್ನ ಹತ್ತಿರ. ಬಾಗಿಲು ಮುಚ್ಚಿ, ಕುತ್ತಿಗೆ ಕೆರೆದುಕೊಂಡು, "ದೋನ್ಯಾ ಲಾಲಾ, ಬಲಗಡೆ ಕಂಕುಳು ಯಾಕೋ ಬಿಗಿ. ಹೊಲಿಗೆ ಅರ್ಧ ಇಂಚು ಬಿಡ್ಸಿ ಕೊಡ್ತೀರಾ? ಯಾರಿಗೂ ಹೇಳ್ಬೇಡಿ" ಎನ್ನುತ್ತಾನೆ. ಅಂಗಿ ಬಿಗಿಯಾಗಿರುವುದಿಲ್ಲ, ಕೈ ಮೇಲೆ ಹೋಗುವುದಿಲ್ಲ, ಅಷ್ಟೆ. ಕಳೆದ ಶರತ್ಕಾಲದಲ್ಲಿ ಹಾಗೆ ನಾಲ್ಕು ಜನ ಬಂದರು. ನಾಲ್ವರಿಗೂ ನನ್ನ ಉತ್ತರ ಒಂದೇ. "ಮೊದಲು ಡಾಕ್ಟರ್ ಚೀಟಿ ತಗೊಂಬಾ, ಆಮೇಲೆ ಕತ್ತರಿ." ಬೈದುಕೊಂಡು ಹೋದರು, ಆದರೆ ಹೋದರು. ಇಬ್ಬರಿಗೆ ಆಪರೇಷನ್, ಇಬ್ಬರಿಗೆ ಆರು ತಿಂಗಳ ವಿಶ್ರಾಂತಿ. ಅವರಲ್ಲೊಬ್ಬನ ತಾಯಿ ಟೆಕ್ಸಸ್‌ನಿಂದ ಫೋನ್ ಮಾಡಿ ಅತ್ತಳು, ಇನ್ನೊಂದು ವಾರ ಎಸೆದಿದ್ದರೆ ನನ್ನ ಮಗನ ತೋಳೇ ಹೋಗುತ್ತಿತ್ತು ಎಂದು. ಮೊಮ್ಮಗನಿಗೆ ಜಾಗ ಮಾಡಲು ಮುದುಕಿ ಹೂಡಿದ ಆಟ ಇದು ಎಂದು ಯಾರಾದರೂ ಆಡಿಕೊಂಡಾರು. ಆಡಿಕೊಳ್ಳಲಿ. ಇಪ್ಪತ್ತೇಳು ವರ್ಷದಿಂದ ಯಾರು ಬಂದರೂ ನಾನು ಹೇಳುತ್ತಿರುವುದು ಇದನ್ನೇ. ಯಾವಾಗಿನಿಂದ ಎಂದು ನೀನು ಲೆಕ್ಕ ಹಾಕುತ್ತಿರಬೇಕು. ಅದಕ್ಕೆ ಬರುತ್ತೇನೆ.

ಜಾಗವೇನೋ ಆಯಿತು, ಆದರೆ ಖಾಲಿ ಕುರ್ಚಿ ಇದೆ ಎಂದು ಯಾರನ್ನೂ ಕರೆದು ಕೂರಿಸುವುದಿಲ್ಲವಲ್ಲ. ಜನವರಿ ಕೊನೆಯ ವಾರ ಹಾಲ್ವರ್ಸನ್ ಉಳಿದ ಹುಡುಗರನ್ನೆಲ್ಲ ಹಿಂದಿನ ಮೈದಾನಕ್ಕೆ ಕರೆಸಿ ಒಬ್ಬೊಬ್ಬನಿಂದಲೂ ಎಸೆಸಿ ನೋಡಿದ. ನನ್ನ ಹೊಲಿಗೆ ಕೋಣೆಯ ಗೋಡೆಯ ಆಚೆಗೇ ಆ ಮೈದಾನ. ನಾನು ಹೋಗಲಿಲ್ಲ. ಹೋಗುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಮಿಶಿನ್ ನಿಲ್ಲಿಸಿ, ಕಿಟಕಿ ತೆರೆದು, ಗೋಡೆಗೆ ಬೆನ್ನು ಕೊಟ್ಟು ಕೂತೆ. ಕ್ಯಾಚರ್‌ನ ಗವಸಿಗೆ ಚೆಂಡು ಬೀಳುವ ಸದ್ದು ಒಬ್ಬೊಬ್ಬರದು ಒಂದೊಂದು ಥರ. ಕೆಲವರದು ಒದ್ದೆ ಬಟ್ಟೆ ಒಗೆದ ಹಾಗೆ. ಆರನೆಯವನು ಎಸೆಯತೊಡಗಿದ. ಮೊದಲ ಚೆಂಡಿಗೇ ನನಗೆ ಗೊತ್ತಾಯಿತು ಎಫ್ರಾಯಿನ್, ಅದು ನಿನ್ನ ಸದ್ದು. ಒಣ ಸೌದೆ ಮುರಿದ ಹಾಗೆ, ಪಟ್! ಇಪ್ಪತ್ತೇಳು ವರ್ಷವಾಗಿತ್ತು ಅದನ್ನು ಕೇಳಿ. ಎಣಿಸಿದೆ. ಮೂವತ್ತು ಚೆಂಡು, ಮೂವತ್ತೂ ಹಾಗೆಯೇ. ಆಮೇಲೆ ಕ್ಯಾಚರ್ ಕೂಗಿದ್ದು ಕೇಳಿತು, "ಅಯ್ಯೋ ಮಾರಾಯಾ, ಸಾಕು ನಿಲ್ಸು, ನಂಗೆ ಈ ಕೈಯಲ್ಲಿ ಊಟ ಮಾಡ್ಬೇಕು!" ಎಲ್ಲರೂ ನಕ್ಕರು. ನಾನು ಗೋಡೆಯ ಈಚೆ ಅಳುತ್ತಿದ್ದೆ.

ಪಟ್ಟಿ ಬಂದದ್ದು ಶುಕ್ರವಾರ. ನಿನಗೆ ಗೊತ್ತೇ ಇದೆ, ಕೆಳಗಿನ ತಂಡದವರ ಶಿಬಿರದ ಅಂಗಿಗೆ ಬರೀ ನಂಬರು, ಹೆಸರಿಲ್ಲ. ಹೆಸರು ಹೊಲಿಯುವುದು ದೊಡ್ಡ ತಂಡದ ಶಿಬಿರಕ್ಕೆ ಕರೆ ಬಂದವರಿಗೆ ಮಾತ್ರ. ಸಾಮಾನಿನ ಕೋಣೆಯ ಯಜಮಾನ ಪ್ರೂಯಿಟ್ ಹಾಳೆ ಹಿಡಿದು ಬಂದು, ಎಂದಿನ ಹಾಗೆ ನನ್ನ ಎದುರು ಸ್ಟೂಲಿನ ಮೇಲೆ ಕೂತು ಓದತೊಡಗಿದ. ಮೊದಲು ಸಣ್ಣ ನಂಬರಿನವರು, ದೊಡ್ಡ ಸಂಬಳದವರು. ನಲವತ್ತು ದಾಟಿತು, ಐವತ್ತು ದಾಟಿತು. ಅರವತ್ತೆಂಟು, ಯಾರೋ. ಎಪ್ಪತ್ತೊಂದು, ಇನ್ಯಾರೋ. ನಾನು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದೆ, ಬರೆದದ್ದು ಏನೆಂದು ದೇವರಿಗೇ ಗೊತ್ತು. ಅಲ್ಲಿಗೆ ಅವನು ನಿಲ್ಲಿಸಿದ. ಹಾಳೆ ಮಡಚಿದ. ಕನ್ನಡಕ ತೆಗೆದು ಒರೆಸಿದ. ಆಮೇಲೆ ಏನೋ ಗುಂಡಿ ಕೇಳುವವನ ಹಾಗೆ ಕೇಳಿದ, "ದೋನ್ಯಾ ಲಾಲಾ, ನಿಮ್ಮ ಅಕ್ಷರದ ಡಬ್ಬಿಲಿ ಒಂದು ಕ್ಯೂ ಇದ್ಯಾ?"

ನೀನೇ ಹೇಳು, ಈ ಕ್ಲಬ್ಬಿನಲ್ಲಿ ಕ್ಯೂ ಯಾರಿಗೆ ಬೇಕು? ಇಂಗ್ಲಿಷಿನಲ್ಲಿ ಕ್ಯೂ ಅಕ್ಷರದಿಂದ ಶುರುವಾಗುವ ಕಿರೋಸ್ ಎಂಬ ಹೆಸರಿನವರಿಗಲ್ಲದೆ ಇನ್ಯಾರಿಗೆ? ನಾನು ಚೀರಿದ ಚೀರಿಗೆ ಬಟ್ಟೆ ಒಗೆಯುವ ಹೆಂಗಸರು ಬೆಂಕಿ ಬಿತ್ತೆಂದು ಓಡಿ ಬಂದರು. ಪ್ರೂಯಿಟ್‌ನನ್ನು ತಬ್ಬಿಕೊಂಡು, ಅವನ ಬೋಳುತಲೆಗೆ ಮುತ್ತು ಕೊಟ್ಟು, ಹೀಗೆ ಆಟ ಆಡಿಸಿದ್ದಕ್ಕೆ ಬೆನ್ನಿಗೊಂದು ಗುದ್ದನ್ನೂ ಕೊಟ್ಟೆ. "ಎಪ್ಪತ್ನಾಲ್ಕು. ನಿಮ್ಮುಡುಗನೇ. ಹಾಲ್ವರ್ಸನ್ ಮೊದ್ಲು ಬರೆದ ಹೆಸರೇ ಇದು" ಎಂದ. ನಿನ್ನ ಮಗ, ನನ್ನ ಮೊಮ್ಮಗ, ಪತ್ರಿಕೆಯವರ ಹದಿನಾಲ್ಕರಲ್ಲಿ ಇಲ್ಲದವನು! ಹಾಲು ಕುಡಿದಷ್ಟು ಖುಷಿಯಾಯಿತು ಕಣೋ. ಇವತ್ತಿಗೂ ಇಳಿದಿಲ್ಲ.

ಈಗ ನನ್ನ ತಪ್ಪಿನ ಮಾತು. ಇದನ್ನು ಬಾಯಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. 1992ರಲ್ಲಿ ನಿನ್ನ ಹೆಸರೂ ಪಟ್ಟಿಯಲ್ಲಿ ಇರುತ್ತದೆ ಎಂದು ಕ್ಲಬ್ಬಿನಲ್ಲೆಲ್ಲ ಮಾತಿತ್ತು. ಪಟ್ಟಿ ಕೈಗೆ ಬರುವ ತನಕ ಸೂಜಿ ಹೆಸರನ್ನು ಮುಟ್ಟಬಾರದು ಎನ್ನುವುದು ನಮ್ಮ ಕೆಲಸದ ಕಟ್ಟಳೆ. ನಾನು ತಡೆಯಲಾರದೆ ಮೂರು ದಿನ ಮೊದಲೇ ಹೊಲಿದುಬಿಟ್ಟೆ. ನೀನು ಅದನ್ನು ತೊಟ್ಟು ಬೀದಿ ಉದ್ದಕ್ಕೂ ನಡೆದೆ, ನಿನ್ನಪ್ಪ ಫೋಟೊ ತೆಗೆದರು, ಪಕ್ಕದ ಮನೆಯವರು ಚಪ್ಪಾಳೆ ತಟ್ಟಿದರು. ಪಟ್ಟಿ ಬಂತು, ನೀನಿರಲಿಲ್ಲ. ಆ ಸಂಜೆ ನೀನು ಅಂಗಿಯ ಬೆನ್ನಿನಿಂದ ಮೊದಲ ಅಕ್ಷರವನ್ನು ಕಿತ್ತು ಹೊರಟುಹೋದೆ. ನನ್ನ ಅವಸರದ ಸೂಜಿಯೇ ನಿನಗೆ ಅಪಶಕುನವಾಯಿತು ಎಂದು ನೀನು ನಂಬಿದೆ, ನಾನೂ ಹಾಗೇ ನಂಬಲು ಬಿಟ್ಟೆ. ಏಕೆಂದರೆ ನಿಜ ಅದಕ್ಕಿಂತ ಕೆಟ್ಟದ್ದಾಗಿತ್ತು. ಆ ಚಳಿಗಾಲ ನೀನೇ ನನ್ನ ಹತ್ತಿರ ಬಂದು, "ಅಮ್ಮಾ, ಬಲಗಡೆ ಅರ್ಧ ಇಂಚು ಬಿಡ್ಸು, ಅಪ್ಪಂಗೆ ಹೇಳ್ಬೇಡ" ಎಂದಿದ್ದೆ. ನೆನಪಿದೆಯೇ? ನಾನು ಬಿಡಿಸಿದೆ. ಯಾರಿಗೂ ಹೇಳಲಿಲ್ಲ. ನಿನ್ನ ಕಿವಿ ಹಿಂಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಬೇಕಾದವಳು, ನೋವನ್ನು ಮುಚ್ಚಿಟ್ಟು ಅದರ ಮೇಲೆ ಹೆಸರು ಹೊಲಿದೆ. ನೀನು ಸೋತದ್ದು ಶಕುನದಿಂದಲ್ಲ ಮಗನೇ, ನಮ್ಮ ಮನೆಗೆ ಆಟ ಒಗ್ಗದ್ದರಿಂದಲೂ ಅಲ್ಲ. ನೋಯುವ ಭುಜದಿಂದ, ಅದನ್ನು ಬಲ್ಲ ತಾಯಿ ಬಾಯಿ ಮುಚ್ಚಿಕೊಂಡಿದ್ದರಿಂದ. ನನ್ನನ್ನು ಕ್ಷಮಿಸು. ಅವತ್ತಿನಿಂದ ಯಾರ ಕಂಕುಳನ್ನೂ ಚೀಟಿಯಿಲ್ಲದೆ ಬಿಡಿಸಿಲ್ಲ.

ಶನಿವಾರ ತಾದೆಯೊ ಅಳತೆ ಕೊಡಲು ಬಂದ. ಬಾಗಿಲು ತೆರೆದೇ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಕೇಳಿದೆ, "ಬಲಗಡೆ ಕಂಕುಳು ಹೇಗಿದ್ಯೋ? ಬಿಡಿಸ್ಬೇಕಾ?" ಅವನು ತೋಳನ್ನು ಕಿವಿಗೆ ತಾಗುವ ಹಾಗೆ ನೇರ ಮೇಲೆತ್ತಿದ, ಒಂದು ಸುತ್ತು ತಿರುಗಿಸಿದ, ಹಲ್ಲು ಬಿಟ್ಟ. "ಬಿಗಿ ಮಾಡಜ್ಜಿ. ಗಾಳಿ ಒಳಗೆ ನುಗ್ತಾ ಇದೆ" ಎಂದ. ಅರ್ಧ ಇಂಚು ಒಳಗೆ ಹಿಡಿದು ಹೊಲಿದೆ. ಇಷ್ಟು ವರ್ಷದಲ್ಲಿ ಇಷ್ಟು ಖುಷಿಯಿಂದ ಯಾವ ಹೊಲಿಗೆಯನ್ನೂ ಹಾಕಿಲ್ಲ. ಹೆಸರನ್ನು ಇವತ್ತು ಬೆಳಿಗ್ಗೆ ಹೊಲಿದು ಮುಗಿಸಿದೆ. ಎಪ್ಪತ್ತನಾಲ್ಕು ಎಂದರೆ ಹಿಂದಿನ ಬಾಗಿಲಿನ ಅತಿಥಿಯ ನಂಬರು ಎಂದು ನೀನು ಮೂಗು ಮುರಿಯಬಹುದು. ಮುರಿ. ಎಪ್ಪತ್ತನಾಲ್ಕರ ಮೇಲೂ ಹೆಸರಿದೆ, ದೊಡ್ಡ ತಂಡದ ಅಂಗಿಯ ಮೇಲೆ, ನಮ್ಮ ಹೆಸರು. ಬುಧವಾರ ಪಿಚರ್‌ಗಳು ಬರುವ ದಿನ ಅದು ಅವನ ಕಪಾಟಿನಲ್ಲಿ ತೂಗುತ್ತಿರುತ್ತದೆ.

ಕಿತ್ತಳೆ ಒಂದು ಡಬ್ಬಿ ಬೇರೆ ಕಳಿಸುತ್ತಿದ್ದೇನೆ, ಜೊತೆಯವರಿಗೂ ಕೊಡು. ಚೆನ್ನಾಗಿ ಊಟ ಮಾಡು. ಬೆಳಿಗ್ಗೆ ಎದ್ದ ಕೂಡಲೇ ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಗ್ವಾದಲೂಪೆಯ ದೇವಮಾತೆ ನಿನ್ನನ್ನು ಕಾಯಲಿ, ಆ ಹಾಳು ಚಳಿಯಲ್ಲಿ ನಿನ್ನ ಬೆನ್ನ ಮೇಲೆ ಅವಳ ಕೈ ಇರಲಿ.

ನಿನ್ನನ್ನು ಹೆತ್ತವಳು, ನಿನ್ನ ಹೆಸರು ಹೊಲಿದವಳು,
ಯುಲಾಲಿಯಾ ಕಿರೋಸ್

ಮರೆತಿದ್ದೆ (ಮರೆತಿಲ್ಲ, ಇದಕ್ಕೇ ಇಷ್ಟೆಲ್ಲ ಬರೆದದ್ದು): ತಾದೆಯೊನ ಬೆನ್ನ ಮೇಲಿರುವುದು ಹೊಸ ಅಕ್ಷರಗಳಲ್ಲ. 1992ರ ನಿನ್ನ ಅಂಗಿಯವು, ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ನಮ್ಮ ಕ್ಲಬ್ಬಿನವರು ಹಳೇ ಕಾಲದವರು, ಅಕ್ಷರವೂ ಬದಲಾಗಿಲ್ಲ, ನೀಲಿಯೂ ಬದಲಾಗಿಲ್ಲ. ಸ್ವಲ್ಪ ಮಾಸಿವೆ ಅಷ್ಟೆ, ಪ್ರೂಯಿಟ್ ನೋಡಿಯೂ ನೋಡದ ಹಾಗಿದ್ದಾನೆ. ಆದರೆ ನಮ್ಮ ಹೆಸರಿನ ಆರು ಅಕ್ಷರಗಳಲ್ಲಿ ಡಬ್ಬಿಯಲ್ಲಿದ್ದದ್ದು ಐದೇ. ಆರನೆಯದು, ನೀನು ಕಿತ್ತ ಆ ಕ್ಯೂ, ಎಲ್ಲಿದೆ ಎಂದು ನನಗೆ ಗೊತ್ತು. ನಿನ್ನ ಪರ್ಸಿನಲ್ಲಿ ಲೈಸೆನ್ಸಿನ ಹಿಂದೆ ಇಟ್ಟುಕೊಂಡಿದ್ದೀಯಂತೆ, ತಾದೆಯೊ ಚಿಕ್ಕವನಿದ್ದಾಗಲೇ ನೋಡಿದ್ದಾನೆ. ಅವನೇ ಹೇಳಿದ, "ಅಜ್ಜಿ, ಅಪ್ಪಂಗೆ ಬರಿ. ಅದು ಇಲ್ದೆ ನಾನು ಹಾಕ್ಕೊಂಡ್ರೂ ಪೂರ್ತಿ ಆಗಲ್ಲ." ಸದ್ಯಕ್ಕೆ ಒಂದು ಹೊಸ ಕ್ಯೂ ಕತ್ತರಿಸಿ ನಾಲ್ಕೇ ನಾಲ್ಕು ಹೊಲಿಗೆಯಲ್ಲಿ ನಿಲ್ಲಿಸಿದ್ದೇನೆ. ಭಾನುವಾರ 24ಕ್ಕೆ, ಮಧ್ಯಾಹ್ನ ಒಂದಕ್ಕೆ ಆಟ, ಮೂರನೇ ಇನ್ನಿಂಗ್ಸಿಗೆ ಅವನು ಎಸೆಯುತ್ತಾನೆ. ಗೇಟಿನಲ್ಲಿ ನಿನ್ನ ಹೆಸರು ಕೊಟ್ಟಿದ್ದಾನೆ. ಹನ್ನೊಂದಕ್ಕೆ ಬಂದರೆ ಸಾಕು, ಐದು ನಿಮಿಷದ ಕೆಲಸ. ಕತ್ತರಿ ನನ್ನ ಜೇಬಿನಲ್ಲೇ ಇರುತ್ತದೆ.