ಅಗಸೆ ಪಾತಿಯ ಕೆಳಗೆ ನನ್ನ ಅಣ್ಣನಿದ್ದಾನೆ

ನಮ್ಮ ಮನೆಯನ್ನು ನಮ್ಮಿಂದಲೇ ಕಾಪಾಡುತ್ತಿರುವ ಮಾನ್ಯ ನಿರ್ದೇಶಕರೇ,

ನನ್ನ ಅಣ್ಣನ ಸಮಾಧಿಯ ಕಲ್ಲನ್ನು ಕಿತ್ತು ಆ ಜಾಗದಲ್ಲಿ ಅಗಸೆ ಬಿತ್ತಿದ್ದೀರಿ. ಆ ಕಲ್ಲು ನಮಗೆ ವಾಪಸ್ಸು ಬೇಕು. ಅದರ ಪಕ್ಕದಲ್ಲಿ ಆರಡಿ ನೆಲವೂ ಬೇಕು, ಏಕೆಂದರೆ ನನ್ನ ಅಮ್ಮ ಸಾಯುತ್ತಿದ್ದಾಳೆ, ಮಗನ ಪಕ್ಕದಲ್ಲಿ ಮಲಗಬೇಕೆಂಬುದನ್ನು ಬಿಟ್ಟರೆ ಅವಳಿಗೆ ಈ ಲೋಕದಲ್ಲಿ ಇನ್ನೇನೂ ಬೇಕಾಗಿಲ್ಲ. ಇದನ್ನು ನಿಮ್ಮ ಕಚೇರಿಗೆ ಬಂದು ಹೇಳಿದೆ, ಫೋನಿನಲ್ಲಿ ಹೇಳಿದೆ, ಪ್ರತಿ ಸಲವೂ ನೀವು ನನ್ನ ಕೈಗೊಂದು ಬಣ್ಣದ ಕರಪತ್ರ ಕೊಟ್ಟು ಕಳಿಸಿದಿರಿ. ಹಾಗಾಗಿ ಊರವರೆಲ್ಲ ಹಂದಿಯ ಧಾರಣೆ ನೋಡಲೆಂದು ಬಿಡಿಸುವ ಈ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ಹಂದಿಯ ಸುದ್ದಿಯ ಪಕ್ಕದಲ್ಲಿ ನಿಮ್ಮ ಸುದ್ದಿ ಬಂದರೆ ಹಂದಿಗಳು ಬೇಸರಪಡಲಿಕ್ಕಿಲ್ಲ.

ನಮ್ಮಪ್ಪ ಮಾಹ್ಲನ್ ಕೀಫರ್ ಆ ಕಲ್ಲಿನ ಮನೆಯನ್ನು ನಿಮ್ಮ ಸಂಸ್ಥೆಗೆ ಬಿಟ್ಟುಕೊಟ್ಟಿದ್ದು ದೊಡ್ಡ ಮನಸ್ಸಿನಿಂದಲ್ಲ, ಭಯದಿಂದ. ಕಣಿವೆಯ ಮೇಲೆ ಹೆದ್ದಾರಿ ಬರುವುದಿತ್ತು. ವಸ್ತುಸಂಗ್ರಹಾಲಯವಾದರೆ ಮನೆ ಉಳಿಯುತ್ತದೆ ಎಂದು ಯಾರೋ ಕಿವಿಯೂದಿದರು. ನಿಮ್ಮ ಕುರ್ಚಿಯಲ್ಲಿ ಅಂದು ಕುಳಿತಿದ್ದವರು ಅಪ್ಪನ ಕೈ ಕುಲುಕಿ, "ಮಾಹ್ಲನ್, ಒಂದು ಮೊಳೇನೂ ಅಲ್ಲಾಡಿಸಲ್ಲ, ನನ್ನ ನಂಬು" ಎಂದರು. ನಮ್ಮ ಪೆನ್ಸಿಲ್ವೇನಿಯಾದ ಜರ್ಮನ್ ಮಂದಿಗೆ ಕೈ ಕುಲುಕಿದರೆ ಮಾತು ಮುಗಿಯಿತು. ಅಪ್ಪ ನಂಬಿದ. ಮರುವರ್ಷವೇ ಮುಂದಿನ ಜಗಲಿ ಹೋಯಿತು, ಅಜ್ಜ ಕಟ್ಟಿದ ಸ್ನಾನದ ಕೋಣೆ ಹೋಯಿತು, ಅಮ್ಮ ಹಳದಿ ಬಣ್ಣ ಹಚ್ಚಿದ್ದ ಅಡುಗೆಮನೆಯ ಗೋಡೆಯನ್ನು ಹೆರೆದು ಹೆರೆದು ಸುಣ್ಣದವರೆಗೆ ಇಳಿಸಿದಿರಿ. ಕೇಳಿದರೆ ನಿಮ್ಮಲ್ಲೊಂದು ಮಂತ್ರವಿದೆ: "ಮಹತ್ವದ ಅವಧಿ."

ಆಹಾ, ಎಂಥ ಮಾತು ಸ್ವಾಮಿ! ನಿಮ್ಮ ಸಂಸ್ಥೆಯ ಪ್ರಕಾರ ನಮ್ಮ ಮನೆಯ ಮಹತ್ವದ ಅವಧಿ 1798ರಲ್ಲಿ ಶುರುವಾಗಿ 1820ಕ್ಕೆ ಮುಗಿಯುತ್ತದೆ. ಆಮೇಲೆ ಅಲ್ಲಿ ಹುಟ್ಟಿದವರು, ಹಡೆದವರು, ಕೆಮ್ಮಿ ಸತ್ತವರು, ಹಿಮದಲ್ಲಿ ಹಸುವಿಗೆ ಹುಲ್ಲು ಹೊತ್ತವರು ಎಲ್ಲರೂ ಮಹತ್ವವಿಲ್ಲದವರು. ನನ್ನ ಅಣ್ಣ ಲೀರಾಯ್ 1961ರಲ್ಲಿ ಹುಟ್ಟಿ ಮೂರು ವಾರ ಬದುಕಿದ. ಹುಟ್ಟುವ ಮುಂಚೆ ನಿಮ್ಮನ್ನೊಂದು ಮಾತು ಕೇಳಬೇಕೆಂದು ಆ ಕೂಸಿಗೆ ತಿಳಿಯಲಿಲ್ಲ ನೋಡಿ, ತಪ್ಪು ಶತಮಾನದಲ್ಲಿ ಬಂದುಬಿಟ್ಟ. ನಾನು ಅವನ ಮುಖ ನೋಡಿದವಳಲ್ಲ. ನೋಡಿದ್ದು ಅವನ ಕಲ್ಲನ್ನು. ಕೊಟ್ಟಿಗೆಯ ನೆಲಕ್ಕೆಂದು ತಂದು ಮಿಕ್ಕಿದ್ದ ಸಿಮೆಂಟಿನಲ್ಲಿ ಅಪ್ಪನೇ ಎರಕ ಹೊಯ್ದಿದ್ದ. ಅದು ಹಸಿಯಿರುವಾಗಲೇ ಗಾಜಿನ ಗೋಲಿಗಳನ್ನು ಒತ್ತಿ ಒತ್ತಿ ಅಮ್ಮ ಮಗನ ಹೆಸರು ಬರೆದಿದ್ದಳು. ಚೆಂದವೇನೂ ಇರಲಿಲ್ಲ, ಕೊನೆಯ ಅಕ್ಷರ ಸೊಟ್ಟಗಿತ್ತು.

ಇನ್ನು ಕಳೆದ ಜುಲೈನಲ್ಲಿ ನೀವು ಆ ಮನೆಯಲ್ಲಿ ನಡೆಸಿದ ಹಳೆಗಾಲದ ಉತ್ಸವಕ್ಕೆ ಬರೋಣ. ನನ್ನ ಅಮ್ಮ ವರ್ನಾಗೆ ಎಂಬತ್ತೆಂಟು. ವರ್ಷಕ್ಕೊಂದು ದಿನ ತಾನು ಬಾಳಿದ ಮನೆಯೊಳಗೆ ಕಾಲಿಡಬೇಕೆಂಬ ಆಸೆಗೆ ಅವಳು ನಿಮ್ಮ ವೇಷ ಹಾಕುತ್ತಿದ್ದಳು. ಬಿಳಿ ಟೊಪ್ಪಿಗೆ, ನಾರಿನ ಲಂಗ, ಕೊರಳಲ್ಲಿ "ಕ್ಯಾಥರಿನಾ" ಎಂಬ ಫಲಕ. ಕ್ಯಾಥರಿನಾ ಎಂದರೆ ಮನೆ ಕಟ್ಟಿಸಿದವನ ಹೆಂಡತಿ. "ವರ್ನಾ ಆಗಿ ಹೋದ್ರೆ ಟಿಕೆಟ್ ಕೇಳ್ತಾರೆ, ಕ್ಯಾಥರಿನಾ ಆಗಿ ಹೋದ್ರೆ ಕುರ್ಚಿ ಕೊಡ್ತಾರೆ. ನನಗೇನು ಕಷ್ಟ?" ಎಂದು ಅಮ್ಮ ನಗುತ್ತಿದ್ದಳು. ಆ ದಿನ ಹೊರಗಿನ ಒಲೆಯಲ್ಲಿ ಬ್ರೆಡ್ಡು ಬೇಯಲು ಇಟ್ಟು, ಎಂದಿನಂತೆ ಮಗನನ್ನು ನೋಡಿ ಬರಲು ಮನೆಯ ಹಿಂದಕ್ಕೆ ಹೋದಳು. ಕಲ್ಲಿಲ್ಲ. ಮೊಣಕಾಲೆತ್ತರ ಅಗಸೆ ನಿಂತಿದೆ. ಅಮ್ಮ ಅಲ್ಲೇ ಕುಸಿದು ಕುಳಿತು ಆ ಗಿಡಗಳನ್ನು ಎರಡೂ ಕೈಯಿಂದ ಕೀಳತೊಡಗಿದಳು.

ಅಗಸೆಯನ್ನು ಕುಡುಗೋಲಿನಿಂದ ಕೊಯ್ಯುವುದಿಲ್ಲ, ಬೇರುಸಮೇತ ಕೈಯಿಂದ ಕೀಳುತ್ತಾರೆ. ಅದೂ ಜುಲೈ ತಿಂಗಳಿನಲ್ಲೇ. ಹಾಗಾಗಿ ಒಂದು ಹಿಂಡು ಪ್ರವಾಸಿಗರನ್ನು ಕರೆದುಕೊಂಡು ಬಂದ ನಿಮ್ಮ ಮಾರ್ಗದರ್ಶಿ ಮಹಾಶಯನಿಗೆ ಏನೂ ಅಸಹಜ ಕಾಣಲಿಲ್ಲ. "ನೋಡಿ, ಅಗಸೆ ಕೀಳೋದು ಹೀಗೆ," ಎಂದು ಶುರುಮಾಡಿದ. ನಾನು ಬಾವಿಯ ಹತ್ತಿರದಿಂದ ಓಡಿ ಬರುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ನನ್ನ ಮಗು ಇಲ್ಲಿದೆ," ಎಂದಳು ಅಮ್ಮ.

"ಆ ಕಾಲದಲ್ಲಿ ಶಿಶುಮರಣ ಜಾಸ್ತಿ ಇತ್ತು," ಎಂದು ಅವನು ಜನರಿಗೆ ವಿವರಿಸಿದ.

"ಕಲ್ಲೆಲ್ಲಿಟ್ಟಿದ್ದೀರಪ್ಪಾ? ಲೀರಾಯ್ ಕಲ್ಲು?"

ಅವನು ಬಗ್ಗಿ ಅವಳ ಕಿವಿಯಲ್ಲಿ, "ಅಜ್ಜಿ, ಲೀರಾಯ್ ಅನ್ನಬೇಡಿ, ಆಗ ಆ ಹೆಸರಿರಲಿಲ್ಲ. ಯೋಹಾನ್ ಅನ್ನಿ. ತುಂಬಾ ಚೆನ್ನಾಗಿ ಮಾಡ್ತಿದ್ದೀರಿ," ಎಂದ.

ಜನ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಾ ವಿಡಿಯೋ ಮಾಡಿಕೊಂಡಳು. ಅವರನ್ನು ನಾನು ಬೈಯುವುದಿಲ್ಲ. ದುಡ್ಡು ಕೊಟ್ಟು ಬಂದವರು, ಹಳೆಯ ಕಾಲದ ದುಃಖ ತೋರಿಸುತ್ತೇವೆಂದು ನೀವು ಹೇಳಿದ್ದಿರಿ, ತೋರಿಸಿದಿರಿ. ಮಣ್ಣು ಮೆತ್ತಿದ ಅಮ್ಮನ ಕೈ ಹಿಡಿದು ಎಬ್ಬಿಸಿ ಮನೆಗೆ ಕರೆದುಕೊಂಡು ಹೋದೆ.

ಮರುದಿನ ನೀವೇ ಫೋನ್ ಮಾಡಿದಿರಿ. ಕ್ಷಮೆ ಕೇಳುತ್ತಾರೇನೋ ಅಂದುಕೊಂಡೆ, ಪೆದ್ದಿ ನಾನು. "ಆರ್ಲೀನ್, ಜನ ಅತ್ಕೊಂಡು ಹೋದ್ರು ಕಣ್ರೀ! ಮುಂದಿನ ಶನಿವಾರ ನಿಮ್ಮಮ್ಮ ಇನ್ನೊಂದ್ಸಲ ಮಾಡ್ತಾರಾ? ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು?" ಅದು ನಾಟಕವಲ್ಲ, ಅಲ್ಲಿ ನನ್ನ ಅಣ್ಣನನ್ನು ಹೂಳಿದ್ದಾರೆ ಎಂದೆ. "ಓ, ಅದು ನಿಜವಾದ್ದಾ? ಆದ್ರೂ ನೋಡಿ, ಸಿಮೆಂಟು ಅವಧಿಗೆ ಹೊಂದಲ್ಲ," ಎಂದಿರಿ. ಕಲ್ಲು ಉಗ್ರಾಣದಲ್ಲಿ ಭದ್ರವಾಗಿದೆಯಂತೆ. ಹೊಸ ಸಮಾಧಿ ತೋಡಿದರೆ ತೋಟದ ನೋಟ ಕೆಡುತ್ತದಂತೆ. ಅಲ್ಲಾ ಸ್ವಾಮಿ, ಪ್ರವಾಸಿಗರಿಗೆಂದು ತಣ್ಣನೆ ಸೋಡಾ ಉಗುಳುವ ಯಂತ್ರವನ್ನು ಗೋಡೆಗೆ ಒರಗಿಸಿದ್ದೀರಲ್ಲ, ಅದನ್ನು ಕ್ಯಾಥರಿನಾ ತವರಿನಿಂದ ತಂದಿದ್ದಳೇ? ಅದು ನೋಟ ಕೆಡಿಸುವುದಿಲ್ಲ, ಮೂರು ವಾರದ ಕೂಸಿನ ಒಂದಡಿ ಕಲ್ಲು ಕೆಡಿಸುತ್ತದೆ. ಆ ಅಗಸೆಯ ನಾರಿನಲ್ಲಿ ಗೊಂಬೆ ಸುತ್ತಿ ನಿಮ್ಮ ಅಂಗಡಿಯಲ್ಲಿ ಮಾರುತ್ತಿದ್ದೀರೆಂದೂ ಕೇಳಿದೆ. ಮಕ್ಕಳಿಗೆ ಬಹಳ ಇಷ್ಟವಂತೆ. ನಿಮ್ಮ ಮೊಮ್ಮಕ್ಕಳಿಗೂ ಒಂದು ಒಯ್ಯಿರಿ, ಯಾವ ಗೊಬ್ಬರದಲ್ಲಿ ಬೆಳೆದದ್ದೆಂದು ಹೇಳಿಯೇ ಕೊಡಿ.

ನಮ್ಮ ಬೇಡಿಕೆ ಸಣ್ಣದು. ಅವಧಿ ಮುಖ್ಯವೆಂದರೆ ಆಗಲಿ, ನಿಮ್ಮ ಅವಧಿಯ ಪ್ರಕಾರವೇ ನಡೆಯೋಣ. 1798ರಲ್ಲಿ ಹೆತ್ತವಳನ್ನು ಮಗುವಿನ ಪಕ್ಕದಲ್ಲಿ ಮಲಗಿಸಲು ಯಾವ ನಿರ್ದೇಶಕನ ಒಪ್ಪಿಗೆಯೂ ಬೇಕಿರಲಿಲ್ಲ. ಮನೆಯವರು ಗುದ್ದಲಿ ಹಿಡಿದು ಹೋಗುತ್ತಿದ್ದರು, ಪಾದ್ರಿ ನಾಲ್ಕು ಮಾತು ಹೇಳುತ್ತಿದ್ದ, ಎಲ್ಲರೂ ಕೂತು ಸಾವಿನೂಟಕ್ಕೆಂದು ಮಾಡುವ ಒಣದ್ರಾಕ್ಷಿಯ ಕಡುಬು ತಿನ್ನುತ್ತಿದ್ದರು. ಅಮ್ಮ ಹೋದ ದಿನ ನಾವೂ ಹಾಗೆಯೇ ಬರುತ್ತೇವೆ. ಗೇಟು ಹಾಕಿದ್ದರೆ ಮುರಿದುಕೊಂಡು ಬರುತ್ತೇವೆ. ಪೊಲೀಸರನ್ನು ಕರೆಸುವುದಾದರೆ ಕರೆಸಿ, ಅವರಲ್ಲಿ ಅರ್ಧ ಜನ ನಮ್ಮ ಚರ್ಚಿನವರೇ.

ಕಲ್ಲನ್ನು ಮಾತ್ರ ಈಗಲೇ ಕಳಿಸಿ, ಅದಕ್ಕೆ ಕಾಯುವಷ್ಟು ಹೊತ್ತು ನಮ್ಮಲ್ಲಿಲ್ಲ. ಅಮ್ಮ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಕಣ್ಣು ಮಂಜಾಗಿದೆ. ಬೆಳಗಾದರೆ "ಕಲ್ಲು ಬಂತೇನೇ?" ಎಂದು ಕೇಳುತ್ತಾಳೆ. "ಬರ್ತಾ ಇದೆ ಅಮ್ಮ, ದಾರೀಲಿದೆ" ಎನ್ನುತ್ತೇನೆ. ಇನ್ನು ನನ್ನ ಕೈಲಾಗುವುದಿಲ್ಲ. ನಾಳೆ ಬೆಳಿಗ್ಗೆ ನೀವೇ ಬಂದು ಅವಳ ಮಂಚದ ಪಕ್ಕ ಕುಳಿತು ಆ ಸುಳ್ಳು ಹೇಳಿ.

ಇಂತಿ,
ಇನ್ನೂ ಬದುಕಿ ನಿಮಗೆ ತೊಂದರೆ ಕೊಡುತ್ತಿರುವ,
ಆರ್ಲೀನ್ ಕೀಫರ್
ಸಾಸೇಜಿನ ಅಂಗಡಿ, ಶುಕ್ರವಾರದ ಸಂತೆ